ಅಪ್‌ಡೇಟ್: ಲ್ಯಾಟಿನ್‌ನ ‘ಎಕ್ಸಿಲಿಯಂ’ ಮುಂದೆ ಏನಾಯಿತು

ಗಡೀಪಾರಿಗೆ ಲ್ಯಾಟಿನ್‌ನಲ್ಲಿ ಯಾವ ಪದ, ಅದರಿಂದ ಹುಟ್ಟಿದ ಭಾಷೆಗಳಲ್ಲಿ ಅದು ಹೇಗೆ ಉಳಿದಿದೆ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದ. ಸಿಕ್ಕಿದ್ದನ್ನು ಇಲ್ಲಿ ಹಾಕುತ್ತಿದ್ದೇನೆ.

ಶಿಕ್ಷೆ ‘ಎಕ್ಸಿಲಿಯಂ’, ಅದಕ್ಕೆ ಒಳಗಾದವನು ‘ಎಕ್ಸುಲ್’. ನೆಲ ಎಂಬ ಅರ್ಥದ ‘ಸೋಲುಂ’ನಿಂದ ಇದು ಬಂತೆಂದು ಪ್ರಾಚೀನರು ಹೇಳುತ್ತಿದ್ದರು. ಕೇಳಲು ಚೆಂದ, ಆದರೆ ಇಂದಿನ ಭಾಷಾಶಾಸ್ತ್ರಜ್ಞರು ಸಾಮಾನ್ಯವಾಗಿ ಒಪ್ಪುವುದಿಲ್ಲ.

ಅನುವಾದಕರು ಎಡವುವುದು ‘ರೆಲೆಗಾಟಿಯೋ’ದಲ್ಲಿ. ಇದೂ ಊರು ಬಿಡಿಸುವ ಶಿಕ್ಷೆಯೇ, ಆದರೆ ಪೌರತ್ವ ಹೋಗುವುದಿಲ್ಲ. ಆಸ್ತಿಯೂ ಸಾಮಾನ್ಯವಾಗಿ ಕೈಬಿಡುವುದಿಲ್ಲ. ಕ್ರಿ.ಶ. 8ರಲ್ಲಿ ಚಕ್ರವರ್ತಿ ಆಗಸ್ಟಸ್ ಕವಿ ಓವಿಡ್‌ನನ್ನು ಕಪ್ಪು ಸಮುದ್ರದ ದಡದ ತೋಮಿಸ್‌ಗೆ, ಅಂದರೆ ಇಂದಿನ ರೊಮೇನಿಯಾದ ಕಾನ್‌ಸ್ಟಾಂಟ್ಸಾಗೆ, ಅಟ್ಟಿದ. ಆಜ್ಞೆಯಲ್ಲಿ ತನ್ನನ್ನು ‘ರೆಲೆಗಾಟುಸ್’ ಎಂದಿದೆಯೇ ಹೊರತು ‘ಎಕ್ಸುಲ್’ ಎಂದಲ್ಲ ಎಂದು ಓವಿಡ್ ಒತ್ತಿ ಹೇಳುತ್ತಾನೆ. ಬೇರೆ ಸಾಲುಗಳಲ್ಲಿ ದುಃಖ ಉಕ್ಕಿದಾಗ ತನ್ನನ್ನು ತಾನೇ ‘ಎಕ್ಸುಲ್’ ಎಂದುಕೊಳ್ಳುತ್ತಾನೆ. ಎರಡಕ್ಕೂ ಒಂದೇ ಕನ್ನಡ ಪದ ಹಾಕಿದರೆ ಅವನ ವಾದವೇ ಕಾಣೆಯಾಗುತ್ತದೆ.

ಬರೆದ ‘ಎಕ್ಸ್’ ಅಕ್ಷರ ನೋಡಿ ಉಚ್ಚರಿಸಬೇಡಿ. ಸ್ಪ್ಯಾನಿಷ್‌ನಲ್ಲಿ ಅದು ‘ಕ್ಸ’ (ಎಕ್ಸಿಲಿಯೊ), ಫ್ರೆಂಚ್‌ನಲ್ಲಿ ‘ಗ್ಜ’ (ಎಗ್ಜಿಲ್). ಪೋರ್ಚುಗೀಸ್‌ನಲ್ಲಿ ಇಂಗ್ಲಿಷ್ ‘ಝೆಡ್’ನ ಸದ್ದು. ಇಟಾಲಿಯನ್ನರು ‘ಎಸ್’ ಬರೆದು ‘ಎಝೀಲಿಯೊ’ ಎನ್ನುತ್ತಾರೆ. ವ್ಯಕ್ತಿಯನ್ನು ಕರೆಯುವ ‘ಎಝುಲೆ’ಯಲ್ಲಿ ಹಳೆಯ ‘ಎಕ್ಸುಲ್’ ಇನ್ನೂ ಬದುಕಿದೆ.

ಸ್ಪ್ಯಾನಿಷ್‌ನಲ್ಲಿ ‘ದೆಸ್ತಿಯೆರ್ರೊ’ ಎಂಬ ಇನ್ನೊಂದು ಪದವಿದೆ. ಅದರೊಳಗೆ ‘ತಿಯೆರ್ರಾ’, ಅಂದರೆ ನೆಲ, ನೇರವಾಗಿಯೇ ಇದೆ. ಸ್ಪೇನ್‌ನ ಅಂತರ್ಯುದ್ಧದಲ್ಲಿ ಸೋತು 1939ರ ಹೊತ್ತಿಗೆ ದೇಶ ಬಿಟ್ಟ ಗಣರಾಜ್ಯವಾದಿಗಳ ಬಗ್ಗೆ ಓದುವಾಗ ಹೆಚ್ಚಾಗಿ ಸಿಗುವುದು ಮಾತ್ರ ‘ಎಕ್ಸಿಲಿಯೊ’.