ಅಪ್‌ಡೇಟ್: ಅಮ್ಮನ ಕಾಯಿಲೆಯ ಬಗ್ಗೆ ಯಾವುದನ್ನು ನಂಬಿ ಓದಲಿ ಎಂದು ಕೇಳಿದ್ದೆ

ಅಮ್ಮನಿಗೆ ಸ್ತನ ಕ್ಯಾನ್ಸರ್ ಎಂದು ತಿಳಿದಾಗ, ಅಂತರ್ಜಾಲದಲ್ಲಿ ನಂಬಿಕೆಗೆ ಅರ್ಹವಾದದ್ದು ಯಾವುದು ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದ. ಅಮೆರಿಕದ ನ್ಯಾಷನಲ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್‌ನ ಪಿಡಿಕ್ಯೂ ಎಂಬ, ತಜ್ಞರು ಪರಿಶೀಲಿಸಿದ ಕ್ಯಾನ್ಸರ್ ಮಾಹಿತಿ ಬರಹಗಳೇ ಹೆಚ್ಚು ಕೈಹಿಡಿದವು. ಅಲ್ಲಿ ರೋಗಿಗಳಿಗೊಂದು, ವೈದ್ಯರಿಗೊಂದು ಆವೃತ್ತಿ. ಪರಿಷ್ಕರಿಸಿದ ದಿನಾಂಕವೂ ಇರುತ್ತದೆ. ಜಂಬದಿಂದ ವೈದ್ಯರದ್ದನ್ನೇ ತೆರೆದೆ, ಎರಡನೇ ಪ್ಯಾರಾದಲ್ಲೇ ಸೋತೆ.

ನಿದ್ದೆಗೆಡಿಸಿದ್ದು 5 ವರ್ಷ ಬದುಕುಳಿಯುವವರ ಪ್ರಮಾಣ. ಅದು ವರ್ಷಗಳ ಹಿಂದೆ ಕಾಯಿಲೆ ಪತ್ತೆಯಾದವರ ಲೆಕ್ಕ, ಅಮ್ಮನ ಜಾತಕವಲ್ಲ ಎಂಬುದು ನಿಧಾನವಾಗಿ ತಲೆಗೆ ಹೋಯಿತು. ಬಯಾಪ್ಸಿ ವರದಿಯಲ್ಲಿದ್ದ ‘ಹರ್2 ಪಾಸಿಟಿವ್’ (ಕ್ಯಾನ್ಸರ್ ಕೋಶಗಳಲ್ಲಿ ಹರ್2 ಎಂಬ ಪ್ರೋಟೀನ್ ಹೆಚ್ಚಾಗಿದೆ) ಎಂಬುದಕ್ಕೆ ಪೆನ್ಸಿಲ್‌ನಿಂದ ಸುತ್ತು ಹಾಕಿ ವೈದ್ಯರ ಮುಂದಿಟ್ಟೆ. ಆ ಪ್ರೋಟೀನನ್ನೇ ಗುರಿಯಾಗಿಸುವ ಟ್ರಾಸ್ಟುಜುಮಾಬ್ ಔಷಧಿ ಏಕೆ ಎಂದು ಅವರು ಬಿಡಿಸಿ ಹೇಳಿದರು.

‘ಬುಡಸಮೇತ ಗುಣ’ ಎನ್ನುವ ವಿಡಿಯೊಗಳನ್ನು ಕಳುಹಿಸುವ ಚಿಕ್ಕಪ್ಪನಿಗೆ ಮಾತ್ರ ಇನ್ನೂ ಉತ್ತರ ಕೊಟ್ಟಿಲ್ಲ.