ಮಳೆಗಾಲದಲ್ಲಿ ಮನೆಗಿರಣಿಯ ಹಿಟ್ಟು ಕೆಡುತ್ತಿದೆ

ಪ್ರಶ್ನೆ (ಮಡಿಕೇರಿ): 1 ಎಚ್‌ಪಿ ಮೋಟಾರಿನ ಮನೆಗಿರಣಿಯಲ್ಲಿ ಬೇಸಿಗೆಯಲ್ಲಿ ಗೋಧಿಯೂ ರಾಗಿಯೂ ನುಣ್ಣಗೆ ಬರುತ್ತಿದ್ದವು. ಜುಲೈ ಬಂದ ಮೇಲೆ ಹಿಟ್ಟು ಜಾಲರಿಗೆ ಮೆತ್ತಿಕೊಳ್ಳುತ್ತಿದೆ, 15 ದಿನಕ್ಕೇ ಕಮಟು ವಾಸನೆ ಬರುತ್ತಿದೆ. ದೋಷ ಯಂತ್ರದ್ದೋ ಕಾಳಿನದ್ದೋ, ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ (ವಿರಾಜಪೇಟೆ): ಕಾಳಿನದ್ದೇ. ನಮ್ಮ ಮಳೆಗಾಲದ ಗಾಳಿಯಲ್ಲಿ ತೆರೆದಿಟ್ಟ ಧಾನ್ಯ ತೇವವನ್ನು ಹೀರಿಕೊಳ್ಳುವುದರಿಂದ, ಹಲ್ಲಿನಲ್ಲಿ ಕಚ್ಚಿದಾಗ ಕಟಕ್ಕೆಂದು ಮುರಿಯದ ಕಾಳನ್ನು ಗಿರಣಿಗೆ ಹಾಕಬಾರದು. ರಾಗಿಯನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ, ಪೂರ್ತಿ ಆರಿದ ಮೇಲೆ ಬೀಸಿರಿ. ಗೋಧಿಯನ್ನು ಮಾತ್ರ ಹುರಿಯಬೇಡಿ, ಚಪಾತಿಗೆ ಬೇಕಾದ ಜಿಗುಟು ಕುಂದುತ್ತದೆ. ಇಡೀ ಕಾಳಿನ ಹಿಟ್ಟಿನಲ್ಲಿ ಮೊಳಕೆಯ ಭಾಗದ ಎಣ್ಣೆಯಂಶ ಉಳಿದಿದ್ದು, ಬೀಸಿದೊಡನೆ ಅದು ಗಾಳಿಗೆ ತೆರೆದುಕೊಂಡು ಕಮಟಾಗತೊಡಗುತ್ತದೆ. ಆದ್ದರಿಂದ ವಾರಕ್ಕೆ ಬೇಕಾದಷ್ಟೇ ಬೀಸುವುದು ಲೇಸು. ಸಜ್ಜೆಯಂತೂ ಇನ್ನೂ ಬೇಗ ಕಹಿಯಾಗುತ್ತದೆ.

ಉತ್ತರ (ಗೋಣಿಕೊಪ್ಪ): ಇದೇ ಗಿರಣಿಯಲ್ಲಿ ಕಡಂಬುಟ್ಟಿಗೆ (ಅಕ್ಕಿತರಿಯಿಂದ ಮಾಡುವ ಕೊಡಗಿನ ಉಂಡೆ) ತರಿ ಮಾಡುವುದಾದರೆ ದೊಡ್ಡ ರಂಧ್ರದ ಜಾಲರಿ ಹಾಕಿರಿ. ಅಕ್ಕಿಯನ್ನು ತೊಳೆದು, ಬಟ್ಟೆಯ ಮೇಲೆ ಚೆನ್ನಾಗಿ ಒಣಗಿಸಿ, ರವೆಯ ಹದಕ್ಕೆ ಒಡೆಯಬೇಕು. ನುಣ್ಣಗಾದರೆ ಉಂಡೆ ಅಂಟಂಟಾಗುತ್ತದೆ. ನಮ್ಮ ಅತ್ತೆಯವರು ಇಂದಿಗೂ ಬೀಸುವ ಕಲ್ಲನ್ನೇ ನಂಬುತ್ತಾರೆ; ಕರೆಂಟು ಹೋದ ದಿನ ಅವರೊಡನೆ ವಾದಿಸಲು ನನಗೆ ಬಾಯಿಲ್ಲ.

ಪ್ರಶ್ನೆ ಕೇಳಿದವರು: ಕಚ್ಚಿ ನೋಡಿದೆ, ರಾಗಿ ನಿಜಕ್ಕೂ ಮೆತ್ತಗಿದೆ. ಇಂದೇ ಬೆಚ್ಚಗೆ ಮಾಡುತ್ತೇನೆ.