ಪೈಲಟ್‌ಗಳ ಪ್ರತಿನಿಧಿ ಸಂಘವನ್ನು ಬದಲಿಸುವ ಕಾರ್ಡು: ಸಹಿ ಹಾಕುವ ಮುನ್ನ ಏನನ್ನು ನೋಡಬೇಕು?

ಪ್ರಶ್ನೆ (ಗೋಣಿಕೊಪ್ಪಲಿನ ಓದುಗ)

ನನ್ನ ತಂಗಿಯ ಮಗ ಅಮೆರಿಕದ ಒಂದು ವಿಮಾನಯಾನ ಕಂಪನಿಯಲ್ಲಿ ಸಹಪೈಲಟ್ ಆಗಿದ್ದಾನೆ. ಅಲ್ಲಿನ ಪೈಲಟ್‌ಗಳನ್ನು ಈಗ ಪ್ರತಿನಿಧಿಸುತ್ತಿರುವುದು ಆ ಕಂಪನಿಗಷ್ಟೇ ಸೀಮಿತವಾದ ಸಂಘ. ಅದನ್ನು ಬಿಟ್ಟು ರಾಷ್ಟ್ರಮಟ್ಟದ ದೊಡ್ಡ ಸಂಘವನ್ನು ಸೇರೋಣವೆಂದು ಕೆಲವರು ಕಾರ್ಡುಗಳಿಗೆ ಸಹಿ ಸಂಗ್ರಹಿಸುತ್ತಿದ್ದಾರಂತೆ. ನಮ್ಮ ತೋಟಗಳಲ್ಲಿ ಒಂದೇ ಚೆಕ್‌ರೋಲಿನಲ್ಲಿ, ಅಂದರೆ ಹಾಜರಿ ಪಟ್ಟಿಯಲ್ಲಿ, ಇರುವವರು ಬೇರೆ ಬೇರೆ ಯೂನಿಯನ್ನಿಗೆ ಚಂದಾ ಕೊಡುವುದುಂಟು. ಒಂದು ಸರಿಬಾರದಿದ್ದರೆ ಮುಂದಿನ ವರ್ಷ ಇನ್ನೊಂದರ ರಸೀದಿ ಪಡೆಯುವುದೂ ಉಂಟು. ಅಲ್ಲಿ ಹಾಗೆ ನಡೆಯುವುದಿಲ್ಲ ಎಂದು ಅವನು ಹೇಳುತ್ತಾನೆ. ಕ್ರಮ ಹೇಗಿದೆ, ಸಂಘ ಬದಲಾದರೆ ಈಗಿರುವ ವೇತನ ಒಪ್ಪಂದ ಬಿದ್ದುಹೋಗುತ್ತದೆಯೇ, ದೊಡ್ಡ ಸಂಘವೇ ಮೇಲೇ ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ (ಮಡಿಕೇರಿ, ಕಾರ್ಮಿಕ ಕಾನೂನಿನ ವಕೀಲ)

ನಿಮ್ಮ ಸೋದರಳಿಯ ಹೇಳಿದ್ದು ಸರಿ. ಅಮೆರಿಕದ ರೈಲ್ವೆ ಲೇಬರ್ ಆ್ಯಕ್ಟ್ 1926ರಲ್ಲಿ ರೈಲ್ವೆಗಾಗಿ ಬಂದು, 1936ರಲ್ಲಿ ವಿಮಾನಯಾನಕ್ಕೂ ವಿಸ್ತರಿಸಿತು. ಅದರ ಪ್ರಕಾರ ಒಂದು ಕಂಪನಿಯ ಎಲ್ಲ ಪೈಲಟ್‌ಗಳೂ, ಯಾವ ಊರಿನಿಂದ ಹಾರುತ್ತಿದ್ದರೂ, ಒಂದೇ ವರ್ಗ. ಆ ವರ್ಗಕ್ಕೆ ಮಾತುಕತೆ ನಡೆಸುವ ಸಂಘವೂ ಒಂದೇ. ಮತದಾನ ನಡೆಸುವುದು ನ್ಯಾಷನಲ್ ಮೀಡಿಯೇಷನ್ ಬೋರ್ಡ್ ಎಂಬ ಸರ್ಕಾರಿ ಸಂಸ್ಥೆ. ವರ್ಗದ ಕನಿಷ್ಠ ಶೇ. 50ರಷ್ಟು ಜನ ಸಹಿ ಹಾಕಿದ, ಒಂದು ವರ್ಷಕ್ಕಿಂತ ಹಳೆಯದಲ್ಲದ ಕಾರ್ಡುಗಳನ್ನು ಸಲ್ಲಿಸಿದರೆ ಮಾತ್ರ ಅದು ಚುನಾವಣೆ ನಡೆಸುತ್ತದೆ. ಯಾರು ಸಹಿ ಹಾಕಿದರೆಂಬುದನ್ನು ಕಂಪನಿಗೆ ತಿಳಿಸುವುದಿಲ್ಲ. ಹಿಂದೆ ಮತ ಹಾಕದೆ ಉಳಿದವರನ್ನು ಸಂಘ ಬೇಡವೆಂದವರ ಲೆಕ್ಕಕ್ಕೆ ಸೇರಿಸುತ್ತಿದ್ದರು. 2010ರಿಂದ ಚಲಾಯಿತ ಮತಗಳ ಬಹುಮತವೇ ನಿರ್ಣಾಯಕ.

ಒಪ್ಪಂದದ ಬಗ್ಗೆ ಆತಂಕ ಬೇಡ. ಸಂಘ ಬದಲಾದರೂ ಜಾರಿಯಲ್ಲಿರುವ ಒಪ್ಪಂದ ಹಾಗೆಯೇ ಮುಂದುವರಿದು, ಅದನ್ನು ಜಾರಿ ಮಾಡಿಸುವ ಹೊಣೆ ಹೊಸ ಸಂಘಕ್ಕೆ ಬರುತ್ತದೆ. ಆದರೆ ಗೆದ್ದ ಸಂಘವನ್ನು ಬದಲಿಸಲು ಎರಡು ವರ್ಷ ಹೊಸ ಅರ್ಜಿ ಸಲ್ಲಿಸುವಂತಿಲ್ಲವಾದ್ದರಿಂದ, ನೋಡೋಣವೆಂದು ಹಗುರವಾಗಿ ಸಹಿ ಹಾಕುವ ಕಾರ್ಡು ಇದಲ್ಲ.

ಉತ್ತರ (ಕುಶಾಲನಗರ, ವಿಮಾನಯಾನ ಕಂಪನಿಯಿಂದ ನಿವೃತ್ತ)

ವಕೀಲರು ಕ್ರಮವನ್ನು ಸ್ಪಷ್ಟವಾಗಿ ಹೇಳಿದ್ದಾರೆ. ದೊಡ್ಡದೋ ಚಿಕ್ಕದೋ ಎಂಬ ಪ್ರಶ್ನೆಗಿಂತ ಜ್ಯೇಷ್ಠತಾ ಪಟ್ಟಿಯ ಪ್ರಶ್ನೆಯನ್ನು ಮೊದಲು ಕೇಳಬೇಕೆಂಬುದು ನನ್ನ ಅಭಿಪ್ರಾಯ. ಪೈಲಟ್ ಯಾವ ವಿಮಾನ ಹಾರಿಸುತ್ತಾನೆ, ಎಂದು ಕ್ಯಾಪ್ಟನ್ ಆಗುತ್ತಾನೆ, ಹಬ್ಬದ ದಿನ ಮನೆಯಲ್ಲಿರುತ್ತಾನೋ ಇಲ್ಲವೋ ಎಂಬುದೆಲ್ಲ ಆ ಪಟ್ಟಿಯಲ್ಲಿ ಅವನಿಗಿರುವ ಸಂಖ್ಯೆಯ ಮೇಲೆ ನಿಂತಿದೆ. ಬೇರೆ ಕಂಪನಿಗೆ ಹೋದರೆ ಮತ್ತೆ ಪಟ್ಟಿಯ ಕೊನೆಯಿಂದಲೇ ಆರಂಭ. ಹಾಗಾಗಿ ಎರಡು ಕಂಪನಿಗಳು ವಿಲೀನವಾದಾಗ ಎರಡು ಪಟ್ಟಿಗಳನ್ನು ಹೇಗೆ ಹೆಣೆಯುತ್ತಾರೆ ಎಂಬುದು ಸಂಬಳಕ್ಕಿಂತ ದೊಡ್ಡ ಜಗಳವಾಗುತ್ತದೆ.

ಯುಎಸ್ ಏರ್‌ವೇಸ್ ಮತ್ತು ಅಮೆರಿಕ ವೆಸ್ಟ್ ಸೇರಿದಾಗ ಎರಡೂ ಕಡೆಯ ಪೈಲಟ್‌ಗಳು 1931ರಲ್ಲಿ ಸ್ಥಾಪನೆಯಾದ ಏರ್ ಲೈನ್ ಪೈಲಟ್ಸ್ ಅಸೋಸಿಯೇಷನ್‌ನಲ್ಲೇ ಇದ್ದರು. 2007ರಲ್ಲಿ ಮಧ್ಯಸ್ಥಗಾರ ಜಾರ್ಜ್ ನಿಕೊಲಾವ್ ಕೊಟ್ಟ ತೀರ್ಪು, ಸೇವೆಗೆ ಸೇರಿದ ದಿನಾಂಕವೊಂದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಲಿಲ್ಲ. ಹಳೆಯ ಯುಎಸ್ ಏರ್‌ವೇಸ್‌ನಲ್ಲಿ ದೀರ್ಘ ಸೇವೆಯಿದ್ದೂ ಲೇ-ಆಫ್ ಆಗಿದ್ದವರು, ಅಮೆರಿಕ ವೆಸ್ಟ್‌ಗೆ ಆಗಷ್ಟೇ ಸೇರಿದವರಿಗಿಂತ ಕೆಳಗಾದರು. ಸಂಖ್ಯೆಯಲ್ಲಿ ಹೆಚ್ಚಿದ್ದ ಯುಎಸ್ ಏರ್‌ವೇಸ್‌ನವರು ಸಿಟ್ಟಿನಿಂದ ಹೊಸ ಸಂಘ ಕಟ್ಟಿ 2008ರ ಚುನಾವಣೆಯಲ್ಲಿ ಹಳೆಯ ಸಂಘವನ್ನು ಸೋಲಿಸಿದರು. ಮುಂದಿನ ವರ್ಷಗಳು ನ್ಯಾಯಾಲಯಗಳಲ್ಲಿ ಕಳೆದವು. 2013ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಜೊತೆ ವಿಲೀನವಾಗುವವರೆಗೂ ಎರಡು ಬಣಕ್ಕೂ ಸೇರಿ ಒಂದು ಒಪ್ಪಂದ ಆಗಲೇ ಇಲ್ಲ. ಆಗ ಸಂಬಳ ಏರದೆ ಕುಳಿತವರಲ್ಲಿ ಆ ಹೊಸ ಸಂಘಕ್ಕೆ ಮತ ಕೊಟ್ಟವರೇ ಹೆಚ್ಚು.

2007ರ ಕೊನೆಯಲ್ಲಿ ಬಂದ ಕಾನೂನಿನಂತೆ, ವಿಲೀನವಾಗುವ ಎರಡೂ ಕಡೆಯವರು ಒಂದೇ ಸಂಘದಲ್ಲಿದ್ದರೆ ಪಟ್ಟಿ ಹೆಣೆಯಲು ಆ ಸಂಘದ ಆಂತರಿಕ ನಿಯಮವೇ ಅನ್ವಯ. ಬೇರೆ ಬೇರೆ ಸಂಘಗಳಾದರೆ ನ್ಯಾಯೋಚಿತ ಜೋಡಣೆ ಮತ್ತು ಮಧ್ಯಸ್ಥಿಕೆಯ ಕಾನೂನುಬದ್ಧ ದಾರಿ. ನಿಮ್ಮ ಅಳಿಯನ ಕಂಪನಿ ಯಾರೊಂದಿಗಾದರೂ ಸೇರುವ ಸಂಭವವಿದ್ದರೆ, ಎದುರು ಕಡೆಯವರು ಯಾವ ಸಂಘದಲ್ಲಿದ್ದಾರೆ ಎಂದು ನೋಡದೆ ಸಹಿ ಹಾಕಬಾರದು.

ಗಾತ್ರದ ಮಾತಿಗೆ ಬಂದರೆ, ದೊಡ್ಡ ಸಂಘಕ್ಕೆ ಅಪಘಾತ ತನಿಖೆ, ವೈದ್ಯಕೀಯ ಪ್ರಮಾಣಪತ್ರದ ತೊಡಕು, ವಾಷಿಂಗ್ಟನ್‌ನ ನಿಯಮಾವಳಿ ಇವಕ್ಕೆಲ್ಲ ಪೂರ್ಣಾವಧಿ ಪರಿಣತರಿರುತ್ತಾರೆ. ಡೆಲ್ಟಾ, ಯುನೈಟೆಡ್ ಪೈಲಟ್‌ಗಳು ಏರ್ ಲೈನ್ ಪೈಲಟ್ಸ್ ಅಸೋಸಿಯೇಷನ್‌ನಲ್ಲಿಯೇ ಇದ್ದಾರೆ. ಆದರೆ ಅಮೆರಿಕನ್ ಏರ್‌ಲೈನ್ಸ್ ಪೈಲಟ್‌ಗಳು 1963ರಲ್ಲಿ ಹೊರಬಂದು ಸ್ವಂತ ಸಂಘ ಕಟ್ಟಿಕೊಂಡರು, ಸೌತ್‌ವೆಸ್ಟ್‌ನವರಿಗೂ ತಮ್ಮದೇ ಸಂಘವಿದೆ. ಅವರ್‍ಯಾರೂ ಕಡಿಮೆ ಸಂಬಳಕ್ಕೆ ದುಡಿಯುತ್ತಿಲ್ಲ.

ಪ್ರತಿಕ್ರಿಯೆ (ಸೋಮವಾರಪೇಟೆ)

ಲಕ್ಷಗಟ್ಟಲೆ ಸಂಬಳ ಪಡೆಯುವ ಪೈಲಟ್‌ಗಳನ್ನು ನಮ್ಮ ದೇಶದ ಕಾನೂನು ಕಾರ್ಮಿಕರೆಂದು ಕರೆಯುತ್ತದೆಯೇ? ಒಂದು ವೇಳೆ ಕರೆದರೆ, ಇಲ್ಲಿಯೂ ಇಂಥ ಮತದಾನವಿದೆಯೇ?

ಉತ್ತರ (ಮಡಿಕೇರಿಯ ವಕೀಲ)

ನಮ್ಮ ಕಾನೂನಿನಲ್ಲಿ ಸಂಬಳದ ಮಿತಿ ಇರುವುದು ಮೇಲ್ವಿಚಾರಣೆ ಮಾಡುವವರಿಗೆ. ಕುಶಲ ಅಥವಾ ತಾಂತ್ರಿಕ ಕೆಲಸ ಮಾಡುವವರಿಗೆ ಆ ಮಿತಿಯಿಲ್ಲ. ಆದ್ದರಿಂದ ಸಂಬಳ ದೊಡ್ಡದೆಂಬ ಒಂದೇ ಕಾರಣಕ್ಕೆ ಪೈಲಟ್ ಹೊರಗಾಗುವುದಿಲ್ಲ.

ಮತದಾನದ ವಿಷಯ ಬೇರೆ. 1926ರ ಟ್ರೇಡ್ ಯೂನಿಯನ್ಸ್ ಆ್ಯಕ್ಟ್ ನೋಂದಣಿಗೆ ದಾರಿ ಕೊಟ್ಟಿತೇ ಹೊರತು, ಮಾಲೀಕನು ಯಾವ ಸಂಘವನ್ನು ಮಾನ್ಯ ಮಾಡಬೇಕೆಂದು ಹೇಳಲಿಲ್ಲ. ಮಾನ್ಯತೆ ಕೊಡುವುದು ಆಡಳಿತವೇ ಆದಾಗ ಕಿತ್ತುಕೊಳ್ಳುವುದೂ ಅದರ ಕೈಯಲ್ಲೇ ಇರುತ್ತದೆ. 2007ರಲ್ಲಿ ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ ಒಂದಾದರೂ ಪೈಲಟ್‌ಗಳು ಹಳೆಯ ಏರ್ ಇಂಡಿಯಾದವರ ಇಂಡಿಯನ್ ಪೈಲಟ್ಸ್ ಗಿಲ್ಡ್ ಮತ್ತು ಹಳೆಯ ಇಂಡಿಯನ್ ಏರ್‌ಲೈನ್ಸ್‌ನವರ ಇಂಡಿಯನ್ ಕಮರ್ಷಿಯಲ್ ಪೈಲಟ್ಸ್ ಅಸೋಸಿಯೇಷನ್ ಎಂದು ಎರಡಾಗಿಯೇ ಉಳಿದರು. ಡ್ರೀಮ್‌ಲೈನರ್ (ಬೋಯಿಂಗ್ 787) ವಿಮಾನದ ತರಬೇತಿ ಯಾರಿಗೆ ಎಂಬ ತಕರಾರಿನ ಮೇಲೆ 2012ರಲ್ಲಿ ಗಿಲ್ಡ್‌ನವರು 58 ದಿನ ಕೆಲಸ ನಿಲ್ಲಿಸಿದರು, ಆಡಳಿತವು ಗಿಲ್ಡ್‌ನ ಮಾನ್ಯತೆಯನ್ನೇ ರದ್ದುಮಾಡಿತು.

2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯು, ಮಸ್ಟರ್ ರೋಲಿನಲ್ಲಿರುವ ಕಾರ್ಮಿಕರಲ್ಲಿ ಶೇ. 51ರ ಬೆಂಬಲವಿರುವ ಸಂಘವೇ ಮಾತುಕತೆಯ ಏಕೈಕ ಸಂಘ ಎಂದು ಹೇಳಿದೆ. ಯಾರಿಗೂ ಅಷ್ಟಿಲ್ಲದಿದ್ದರೆ ಶೇ. 20ಕ್ಕೆ ಕಡಿಮೆಯಿಲ್ಲದ ಸಂಘಗಳ ಪ್ರತಿನಿಧಿಗಳು ಸೇರಿ ಒಂದು ಮಂಡಳಿ. ಇದು ವಿಮಾನಯಾನಕ್ಕಷ್ಟೇ ಅಲ್ಲ, ನಮ್ಮ ಕಾಫಿ ತೋಟಗಳಿಗೂ ಅನ್ವಯಿಸುವ ಮಾತು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ವಂದನೆಗಳು. ಅವನ ಕಂಪನಿಯ ವಿಲೀನದ ಸುದ್ದಿ ಓಡಾಡುತ್ತಿರುವುದು ನಿಜವೆಂದು ಇಂದು ತಿಳಿಯಿತು. ಎದುರು ಕಂಪನಿಯ ಪೈಲಟ್‌ಗಳು ಈಗಾಗಲೇ ಆ ದೊಡ್ಡ ಸಂಘದಲ್ಲೇ ಇದ್ದಾರಂತೆ. ಆ ಸಂಘದ ವಿಲೀನ ನಿಯಮವನ್ನು ತರಿಸಿಕೊಂಡು ಓದುವವರೆಗೆ ಕಾರ್ಡನ್ನು ಕೈಯಲ್ಲೇ ಇಟ್ಟುಕೊಳ್ಳಲು ಹೇಳಿದ್ದೇನೆ.